ಕೆಸರಿಗೂ ಜಗ್ಗದ ಕೋವಿ

"ಗುರುಗಳೇ, ಎಂಥ ಹೊತ್ತಿನಲ್ಲೂ ತಡವರಿಸದ ನಾಲಿಗೆ ಬರಬೇಕಾದರೆ ಏನು ಮಾಡಬೇಕು?" ಎಂದು ಶಿಷ್ಯ ಚೆನ್ನಮಲ್ಲ ಕೇಳಿದ.

ಹಿಂದಿನ ದಿನ ಅವನು ಊರಿಗೆ ಹೋಗಿದ್ದ. ಅಲ್ಲಿ ಒಡಹುಟ್ಟಿದ ತಮ್ಮ ನಾಲ್ಕು ಜನರ ಎದುರಿಗೆ ಅವನನ್ನು ಬಾಯಿಗೆ ಬಂದಂತೆ ಬೈದಿದ್ದ. ತಿರುಗಿ ಅನ್ನಬೇಕಾದ ಮಾತು ನಾಲಿಗೆಗೆ ಬರದೆ ಚೆನ್ನಮಲ್ಲ ಮುಖ ಕೆಳಗೆ ಹಾಕಿಕೊಂಡು ಹಿಂತಿರುಗಿದ್ದ.

"ಈಗ ಆ ಮಾತು ಸಿಕ್ಕಿದೆ," ಎಂದ ಅವನು. "ಅಲ್ಲೇ ಅಂದಿದ್ದರೆ ಜನ್ಮದಲ್ಲಿ ಅವನು ನನ್ನ ಮುಖ ನೋಡುತ್ತಿರಲಿಲ್ಲ."

"ಅಷ್ಟು ಹರಿತವಾಗಿದೆಯೇ? ಸರಿ, ಕೂತುಕೋ," ಎಂದು ಗುರುಗಳು ಕತೆ ಹೇಳಿದರು.

ಒಂದೂರಿನಲ್ಲಿ ಕೋವಿ ಮಾಡುವ ಕಮ್ಮಾರನೊಬ್ಬನಿದ್ದ. ಅವನದು ಬತ್ತಿಯ ಕೋವಿ. ಕೋವಿಯ ಕುದುರೆಯನ್ನು, ಅಂದರೆ ಗುಂಡು ಹಾರಿಸುವ ಕೀಲನ್ನು, ಬೆರಳಿನಿಂದ ಎಳೆದರೆ ಉರಿಯುವ ಬತ್ತಿ ಬಾಗಿ ಮದ್ದಿಗೆ ತಾಗುತ್ತಿತ್ತು. ಮದ್ದು ಸುರ್ರೆಂದು ಕೆಂಪಗೆ ಹೊತ್ತಿ, ಆಮೇಲೆ ಗುಂಡು ಹೊರಡುತ್ತಿತ್ತು. ನಡುವೆ ಒಂದು ಉಸಿರಿನಷ್ಟು ತಡ. ಕಾಡುಹಂದಿಗೆ ಹೊಂಚುಹಾಕಿ ಕಾಯುವ ಗದ್ದೆಯಲ್ಲಿ ಕೋವಿಯವನು "ಯಾರದು" ಎಂದು ಕೂಗುವಂತಿಲ್ಲ, ಕೂಗಿದರೆ ಹಂದಿ ಓಡಿಹೋಗುತ್ತದೆ. ಅದಕ್ಕೇ ಗದ್ದೆಯಲ್ಲಿ ಇರುವವನು ಆ ಕೆಂಪು ಕಂಡೊಡನೆ "ನಾನು, ನಾನು" ಎಂದು ಕೂಗಿ ಮಲಗಿಬಿಡಬೇಕು. ಕೋವಿಯವನು ನಳಿಗೆಯನ್ನು ಮೇಲಕ್ಕೆತ್ತಬೇಕು. ಆ ಊರಿನ ಮಕ್ಕಳಿಗೂ ಗೊತ್ತಿದ್ದ ರೂಢಿ ಇದು.

ಒಂದು ಮಳೆಗಾಲ ಕಮ್ಮಾರ ಮಾಡಿದ ಕೋವಿಯೊಂದು ಕೆಸರು ಮೆತ್ತಿ ಕೈಕೊಟ್ಟಿತು. ಹಂದಿ ನೆರೆಮನೆಯವನ ತೊಡೆ ಸೀಳಿತು. ಅವನು ಬದುಕಿಕೊಂಡ, ಆದರೆ ಕುಂಟನಾದ. ಅವನು ಬಾಗಿಲ ಮುಂದೆ ಕುಂಟುತ್ತ ಹಾದುಹೋದಾಗಲೆಲ್ಲ ಕಮ್ಮಾರ ಕೈಯ ಸುತ್ತಿಗೆಯನ್ನು ಕೆಳಗಿಟ್ಟುಬಿಡುತ್ತಿದ್ದ. ಇನ್ನು ತನ್ನ ಕೈಯ ಕೋವಿ ಎಂದಿಗೂ ತಡೆಯಬಾರದು, ಎಳೆದೊಡನೆ ಸಿಡಿಯಬೇಕು ಎಂದು ಹಟ ಹಿಡಿದ.

ಬತ್ತಿ ಕಿತ್ತು ಚಕಮಕಿ ಕಲ್ಲು ಕೂರಿಸಿದ. ಮದ್ದಿನ ಬಟ್ಟಲಿಗೆ ಗಾಳಿಯೂ ನುಸುಳದಂಥ ಮುಚ್ಚಳ ಮಾಡಿದ. ಅದನ್ನು ತಮ್ಮನ ಕೈಗೆ ಕೊಟ್ಟು, "ಇದನ್ನು ಕೆಡಿಸು ನೋಡೋಣ," ಎಂದ. ತಮ್ಮ ನಗುಮುಖದವನು, ಅಣ್ಣನೆಂದರೆ ಜೀವ ಬಿಡುತ್ತಿದ್ದ. ನಳಿಗೆಯ ಬಾಯಿಗೆ ಮೇಣ ಮೆತ್ತಿ ಕೋವಿಯನ್ನು ಕೆಸರಿನಲ್ಲಿ ಹೂತ, ಎಮ್ಮೆಗಳಿಂದ ತುಳಿಸಿದ. ಬೂದಿಯಲ್ಲಿ ಹೊರಳಿಸಿದ. ಗೊಬ್ಬರದ ಗುಂಡಿಯಲ್ಲೂ ಅದ್ದಿದ. ಮೇಣ ಕಿತ್ತು ಎಳೆದಾಗಲೆಲ್ಲ ಅದು ಆ ಕ್ಷಣವೇ ಸಿಡಿಯಿತು.

"ಇನ್ನು ನಾನೇ ಇದರ ಮೇಲೆ ಬಿದ್ದು ಹೊರಳಬೇಕು ಅಷ್ಟೇ, ಅಣ್ಣ."

"ನೀನು ಹೊರಳಿದರೂ ಅದು ತಡೆಯುವುದಿಲ್ಲ ಬಿಡು," ಎಂದು ಕಮ್ಮಾರ ನಕ್ಕ. ಬಹಳ ದಿನಗಳ ಮೇಲೆ ಅವನು ನಕ್ಕಿದ್ದ.

ಒಂದು ನಸುಕಿನಲ್ಲಿ ಮಂಜು ಕವಿದಿತ್ತು. ಕಮ್ಮಾರ ಹೊಸ ಕೋವಿ ಹಿಡಿದು ಹಂದಿ ಕಾಯುತ್ತಿದ್ದ. ಕೆಳಗಿನ ಗದ್ದೆಯ ಬದು ಒಡೆದು ನೀರು ಹೋಗುತ್ತಿದೆಯೆಂದು ತಮ್ಮ ಅದನ್ನು ಕಟ್ಟಲು ಇಳಿದಿದ್ದ. ಅಣ್ಣನಿಗೆ ಹೇಳಿರಲಿಲ್ಲ. ಹೇಳಿ ಇಳಿಯುವ ರೂಢಿ ಅಲ್ಲಿ ಯಾರಿಗೂ ಇರಲಿಲ್ಲ, ಕೆಂಪು ಕಂಡರೆ ಕೂಗಿದರಾಯಿತು. ಕೆಲಸ ಮುಗಿಸಿ, ಮೈಯೆಲ್ಲ ಕೆಸರಾಗಿ, ಜಾರುವ ಬದುವನ್ನು ಕೈಯೂರಿ ಹತ್ತುತ್ತಿದ್ದ. ಕಮ್ಮಾರನಿಗೆ ಮಂಜಿನಲ್ಲಿ ಕಂಡದ್ದು ಒಂದು ಕಪ್ಪು ಬೆನ್ನು. ಅವನು ಕುದುರೆ ಎಳೆದ.

ಕೋವಿ ತಡೆಯಲಿಲ್ಲ. ತಮ್ಮನಿಗೆ ಕೆಂಪು ಕಾಣಲಿಲ್ಲ, ಕೂಗುವುದಕ್ಕೂ ಆಗಲಿಲ್ಲ.

ಕಮ್ಮಾರ ಹತ್ತಿರ ಹೋಗಿ ಕೆಸರು ಒರೆಸಿದ ಮೇಲೆಯೇ ಆ ಮುಖ ಯಾರದೆಂದು ತಿಳಿದದ್ದು. ಹೆಣ ಎತ್ತಲು ಮೊದಲು ಬಂದವನು ಆ ಕುಂಟನೇ. ಅವನ ಕುಂಟು ಕಾಲನ್ನು ನೋಡಿ ಕಮ್ಮಾರ ಅಲ್ಲೇ ಕುಸಿದು ಅತ್ತ.

ಮಣ್ಣು ಮಾಡಿ ಬಂದ ಮೇಲೆ ಅವನು ಕೋವಿಯನ್ನು ಮತ್ತೆ ಕೆಸರಿನಲ್ಲಿ ಹೂತ. ಒಂದು ಸಲವಾದರೂ ತಡೆಯಲಿ ಎಂದು ದೇವರನ್ನು ಬೇಡಿಕೊಂಡು, ತೆಗೆದು ಎಳೆದ. ಅದು ಸಿಡಿಯಿತು. ಸಾಯುವವರೆಗೂ ಅವನು ಹೀಗೆಯೇ ಹೂಳುತ್ತ, ತೆಗೆಯುತ್ತ, ಎಳೆಯುತ್ತ ಇದ್ದ. ಅದು ಒಮ್ಮೆಯೂ ತಡೆಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಚೆನ್ನಮಲ್ಲ, "ಆದರೆ ನಾನು ಕೇಳಿದ್ದು ನಾಲಿಗೆಯ ವಿಷಯ," ಎಂದ.

ಗುರುಗಳೆಂದರು: "ನಿನ್ನೆ ಅದು ತಡೆಯಿತಲ್ಲ, ಅದಕ್ಕೇ ಇವತ್ತೂ ನಿನಗೊಬ್ಬ ತಮ್ಮನಿದ್ದಾನೆ."