ಎಚ್ಚರವಿದ್ದ ಇನ್ನೂರ ನಲವತ್ತು ಪೆಟ್ಟಿಗೆಗಳು

ನದಿಯ ದಡದಲ್ಲಿ ಒಂದು ಗಣಕಶಾಲೆ. ಒಳಗೆ ಸಾವಿರದ ಐನೂರು ಕಪ್ಪು ಪೆಟ್ಟಿಗೆಗಳು. ಒಂದೊಂದು ಪೆಟ್ಟಿಗೆಯೂ ಒಂದು ಕಂಪ್ಯೂಟರ್. ಎಲ್ಲವೂ ಸೇರಿದರೆ ಒಂದೇ ದೊಡ್ಡ ಯಂತ್ರ.

ಬರಲಿರುವ ಮಳೆಯ ಲೆಕ್ಕ ಹಾಕುವುದು ಆ ಯಂತ್ರದ ಕೆಲಸ.

ಲೆಕ್ಕ ಹಾಕುತ್ತಾ ಯಂತ್ರ ಬಿಸಿಯಾಗುತ್ತಿತ್ತು. ನದಿಯ ನೀರು ಕೊಳವೆಯಲ್ಲಿ ಒಳಗೆ ಬಂದು, ಆ ಬಿಸಿಯನ್ನು ಹೊತ್ತುಕೊಂಡು, ಮತ್ತೆ ನದಿಗೇ ಹೋಗುತ್ತಿತ್ತು.

ಅಲ್ಲಿ ಕಲಿಸುತ್ತಿದ್ದವರು ವೇದವಲ್ಲಿ. ಎಪ್ಪತ್ತು ದಾಟಿದ್ದರು. ಎಡಗಾಲಿನ ಮಂಡಿ ಸರಿಯಿರಲಿಲ್ಲ. ಶಿಷ್ಯರೆಲ್ಲ ಅವರನ್ನು ಅಮ್ಮ ಎಂದೇ ಕರೆಯುತ್ತಿದ್ದರು.

ಶಾಲ್ಮಲಿ ಅವರ ಶಿಷ್ಯೆ. ಮಾತು ಕಡಿಮೆ. ಯಾರ ಕೆಲಸಕ್ಕೆ ಎಷ್ಟು ಪೆಟ್ಟಿಗೆ ಎಂದು ಹಂಚಿಕೊಡುವುದನ್ನು ಅಮ್ಮ ಅವಳಿಗೇ ಬಿಟ್ಟಿದ್ದರು. ಹಂಚಿದ ಮೇಲೆ ಒಮ್ಮೆಯೂ ಕೇಳಿದವರಲ್ಲ.

ಆ ಬೇಸಿಗೆ ನದಿ ಸಣ್ಣಗಾಯಿತು.

ಹರಿಗೋಲು ಹಾಕುವ ಹುಲಿಗೆಪ್ಪ ಒಂದು ದಿನ ಮೆಟ್ಟಿಲ ಹತ್ತಿರ ಬಂದು ನಿಂತ.

"ಅಮ್ಮಾರ, ನಿಮ್ಮ ಮಿಷನ್ ಬಿಡೋ ನೀರಾಗ ಕಾಲಿಟ್ಟರ ಸ್ನಾನದ ಹಂಡೆ ನೆಪ್ಪಾಗತೈತ್ರಿ."

"ಮೀನು?"

"ಆಚೀ ದಂಡಿಗೆ ಹೋಗ್ಯಾವ್ರಿ. ಇನ್ನೊಂದೀಟು ಬಿಸಿ ಮಾಡಿದ್ರ ಅವಕ್ಕ ಹೋಗೂದೂ ಬ್ಯಾಡ. ಇಲ್ಲೇ ಸಾರಾಗತಾವ."

ಹೇಳಿ ತಾನೇ ನಕ್ಕ. ಅಮ್ಮ ನಗಲಿಲ್ಲ. ನೀರಿಗೆ ಇಳಿದು, ಕೈಯದ್ದಿ, ಸ್ವಲ್ಪ ಹೊತ್ತು ಹಾಗೇ ಇದ್ದರು.

ಸಂಜೆ ಶಾಲ್ಮಲಿಯನ್ನು ಕರೆದರು.

"ಯಂತ್ರ ತಿನ್ನೋ ವಿದ್ಯುತ್ತು ಐದರಲ್ಲಿ ಒಂದು ಪಾಲು ಇಳೀಬೇಕು. ಹದಿನೈದು ದಿನ ಕೊಟ್ಟಿದ್ದೀನಿ. ಇಳೀದಿದ್ದರೆ ಮಳೆಗಾಲದ ತನಕ ಯಂತ್ರ ನಿಲ್ಲಿಸಿಬಿಡ್ತೀನಿ."

"ನಿಲ್ಲಿಸಬೇಡಿ ಅಮ್ಮ."

"ಯಾಕೆ?"

"ಈ ವರ್ಷದ ಮಳೆ ಲೆಕ್ಕ..."

"ನಾವು ಲೆಕ್ಕ ಹಾಕದಿದ್ದರೂ ಮಳೆ ಬರುತ್ತೆ. ಬೇರೆ ಏನಾದರೂ ಇದೆಯಾ?"

ಶಾಲ್ಮಲಿ ತನ್ನ ಚಪ್ಪಲಿ ನೋಡಿಕೊಂಡಳು.

ಇತ್ತು. ಅದರ ಹೆಸರು ಕೇದಾರ.

ಅವಳ ಜೊತೆಗೇ ಕಲಿತವನು. ಮಳೆಯ ಲೆಕ್ಕವನ್ನು ಇಬ್ಬರೂ ಸೇರಿ ಶುರು ಮಾಡಿದ್ದರು. ನೆಲದ ಮೇಲಿನ ಗಾಳಿ ಅವಳದು, ಕಡಲ ಮೇಲಿನ ಗಾಳಿ ಅವನದು. ಕಡಲ ಗಾಳಿಯನ್ನು ಅಳೆಯುವುದಕ್ಕೆ ಅವನು ದೂರದ ಒಂದು ದ್ವೀಪಕ್ಕೆ ಹೋದ.

ಪ್ರತಿ ಸೋಮವಾರ ಅಲ್ಲಿಂದ ಅಂಕಿಗಳು ಬರುತ್ತಿದ್ದವು. ಅಂಕಿಗಳ ಕೊನೆಯಲ್ಲಿ ಅವಳಿಗೆಂದೇ ಒಂದು ಸಾಲು. 'ಇಲ್ಲಿ ಹಾಲಿಲ್ಲದ ಟೀ, ನೀನಾಗಿದ್ದರೆ ಅಳುತ್ತಿದ್ದೆ.' ಅಂಥ ಸಾಲುಗಳು. ಅವಳು ಅಂಕಿಗಳನ್ನು ಯಂತ್ರಕ್ಕೆ ಕೊಡುತ್ತಿದ್ದಳು. ಸಾಲನ್ನು ತಾನು ಇಟ್ಟುಕೊಳ್ಳುತ್ತಿದ್ದಳು.

ಮೂರು ತಿಂಗಳಿಂದ ಅಂಕಿಯೂ ಇಲ್ಲ, ಸಾಲೂ ಇಲ್ಲ.

ಯಂತ್ರ ನಡೆಯುತ್ತಿದ್ದರೆ ಅವನು ಕಳಿಸುವುದಕ್ಕೆ ಒಂದು ಕಾರಣವಾದರೂ ಇರುತ್ತದೆ. ಯಂತ್ರವೇ ನಿಂತರೆ?

"ಇಳಿಸ್ತೀನಿ ಅಮ್ಮ," ಎಂದಳು.

ಅವಳು ಮೊದಲು ಮಾಡಿದ್ದು ಎಲ್ಲ ಪೆಟ್ಟಿಗೆಗಳನ್ನೂ ಜೋರಾಗಿ ಓಡಿಸಿದ್ದು. ಬೇಗ ಓಡಿದರೆ ಬೇಗ ಮುಗಿಯುತ್ತದೆ, ಬೇಗ ಮುಗಿದರೆ ಕಡಿಮೆ ತಿನ್ನುತ್ತದೆ ಎಂದು ಅವಳ ಎಣಿಕೆ.

ಎರಡು ದಿನ ಕಳೆದು ಅಮ್ಮ ಕೇಳಿದರು.

"ಏನಾಯ್ತು?"

"ಇಳೀಲಿಲ್ಲ."

"ಅಷ್ಟೇನಾ?"

"ಏರಿತು ಅಮ್ಮ. ನೂರಕ್ಕೆ ಹತ್ತು."

"ಶಹಭಾಷ್. ಹುಲಿಗೆಪ್ಪನಿಗೆ ಹೇಳಿಬಿಡು, ಸಾರಿಗೆ ಮಸಾಲೆ ಅರೆಯಲಿ."

ಅವಳ ಕಣ್ಣು ತುಂಬಿತು. ಅಮ್ಮ ಅದನ್ನು ನೋಡಿಯೂ ನೋಡದವರಂತೆ ಕೋಲು ತೆಗೆದುಕೊಂಡರು.

"ಜೋರು ಕಡಿಮೆ ಮಾಡಿ ಬಾ. ಆಚೆ ದಡಕ್ಕೆ ಹೋಗಿಬರೋಣ."

ಹರಿಗೋಲು ಕಟ್ಟುವ ಕಲ್ಲು ಶಾಲೆಯಿಂದ ಒಂದು ಮೈಲಿ ಕೆಳಗಿತ್ತು. ಮರಳಿನ ದಾರಿ. ನೆರಳಿಲ್ಲ.

ಶಾಲ್ಮಲಿಗೆ ನಿಧಾನವಾಗಿ ನಡೆದು ಗೊತ್ತಿಲ್ಲ. ಸ್ವಲ್ಪ ದೂರ ಅಮ್ಮನ ಜೊತೆ ನಡೆದಳು. ಆಮೇಲೆ ಮುಂದೆ ಹೋದಳು. ಆಮೇಲೆ ಓಡಿದಳು.

ಕಲ್ಲಿನ ಹತ್ತಿರ ಹುಲಿಗೆಪ್ಪ ಬೀಡಿ ಸೇದುತ್ತಾ ಕೂತಿದ್ದ.

"ಹೊರಡೋಣ್ವಾ?" ಎಂದಳು.

"ಅಮ್ಮಾರು ಬರ್ಲಿ ತಡೀರಿ ಅಕ್ಕಾರ. ಇಬ್ಬರನ್ನ ದಾಟಿಸು ಅಂತ ಫೋನ್ ಮಾಡ್ಯಾರ. ಒಬ್ಬರನ್ನ ಹ್ಯಾಂಗ ಒಯ್ಯಲಿ?"

ಅವಳು ಬಿಸಿಲಲ್ಲೇ ನಿಂತಳು. ನಿಲ್ಲಲಾಗಲಿಲ್ಲ. ದಾರಿಯ ತಿರುವಿನ ತನಕ ಹೋಗಿ ನೋಡಿದಳು. ವಾಪಸು ಬಂದಳು. ಮತ್ತೆ ಹೋದಳು. ಮತ್ತೆ ಬಂದಳು.

"ಅಕ್ಕಾರ," ಎಂದ ಹುಲಿಗೆಪ್ಪ, "ನೀವು ಹಿಂಗ ಓಡಾಡಿದ್ರ ಅಮ್ಮಾರ ಮಂಡಿ ನೆಟ್ಟಗ ಆಗತೈತೇನು?"

ಅಮ್ಮ ಬರುವ ಹೊತ್ತಿಗೆ ಅವಳ ಬೆನ್ನು ಪೂರ್ತಿ ಒದ್ದೆಯಾಗಿತ್ತು.

"ಬಂದು ಎಷ್ಟು ಹೊತ್ತಾಯ್ತು?" ಅಮ್ಮ ಕೇಳಿದರು.

"ಇಪ್ಪತ್ತು ನಿಮಿಷ."

"ಹರಿಗೋಲು ಹೊರಡೋದು ಯಾವಾಗ?"

"ಈಗ. ನೀವು ಬಂದ ಮೇಲೆ."

"ಹಾಗಾದರೆ ಇಷ್ಟೊಂದು ಬೆವರಿದ್ದು ಯಾತಕ್ಕೆ?"

ಶಾಲ್ಮಲಿ ಅಮ್ಮನ ಕೈ ಹಿಡಿದು ಹರಿಗೋಲು ಹತ್ತಿಸಿದಳು. ಹರಿಗೋಲು ನದಿಯ ನಡುವೆ ಒಂದು ಸುತ್ತು ತಿರುಗಿತು. ಆಚೆ ದಡ ಮುಟ್ಟುವ ಮೊದಲೇ ಅವಳು "ಅಮ್ಮ, ವಾಪಸು ಹೋಗೋಣ" ಎಂದಳು.

"ಬಂದಿದ್ದೇ ಈಗ."

"ನಾನು ಪೆಟ್ಟಿಗೆಗಳನ್ನ ನೋಡಬೇಕು."

ಅಮ್ಮ ಹುಲಿಗೆಪ್ಪನ ಮುಖ ನೋಡಿದರು. ಅವನು ಹುಟ್ಟು ತಿರುಗಿಸಿದ.

ಲೆಕ್ಕದ ಒಂದೊಂದು ಹೆಜ್ಜೆಗೂ ಎಲ್ಲ ಪೆಟ್ಟಿಗೆಗಳ ಉತ್ತರವೂ ಬಂದು ಸೇರಬೇಕು. ಆಮೇಲೆಯೇ ಮುಂದಿನ ಹೆಜ್ಜೆ. ಬಯಲು ಸೀಮೆಯ ಆಕಾಶ ಸಿಕ್ಕ ಪೆಟ್ಟಿಗೆಗಳಿಗೆ ಸುಲಭದ ಕೆಲಸ. ಬೆಟ್ಟದ ಮೇಲಿನ ಆಕಾಶ ಸಿಕ್ಕವಕ್ಕೆ ಕಷ್ಟದ್ದು. ಬಯಲಿನವು ಬೇಗ ಮುಗಿಸಿ, ಬೆಟ್ಟದವನ್ನು ಕೇಳುತ್ತಿದ್ದವು. ಬಂತಾ? ಬಂತಾ? ಬಂತಾ? ಒಂದು ಕ್ಷಣದಲ್ಲಿ ಲಕ್ಷ ಸಲ. ಲೆಕ್ಕ ಹಾಕುವಾಗ ಎಷ್ಟು ತಿನ್ನುತ್ತಿದ್ದವೋ, ಕೇಳುವಾಗಲೂ ಅಷ್ಟೇ ತಿನ್ನುತ್ತಿದ್ದವು.

ಶಾಲ್ಮಲಿ ಒಂಬತ್ತು ದಿನ ಕೂತಳು. ಯಾವ ಪೆಟ್ಟಿಗೆ ಎಷ್ಟು ಬೇಗ ಬರುತ್ತದೆ ಎಂದು ನೋಡಿ, ಅದನ್ನು ಅಷ್ಟು ನಿಧಾನ ಮಾಡಿದಳು. ಎಲ್ಲವೂ ಒಟ್ಟಿಗೆ ಬಂದು ಸೇರುವ ಹಾಗೆ.

ಹದಿಮೂರನೆಯ ದಿನ ಅಮ್ಮನ ಹತ್ತಿರ ಓಡಿ ಬಂದಳು. ಬಾಗಿಲಲ್ಲಿ ನೆನಪಾಗಿ, ನಡೆದು ಒಳಗೆ ಹೋದಳು.

"ನೂರಕ್ಕೆ ಹನ್ನೆರಡು ಇಳೀತು ಅಮ್ಮ. ಲೆಕ್ಕ ಮಾತ್ರ ಒಂದು ನಿಮಿಷಾನೂ ತಡ ಆಗಲಿಲ್ಲ."

"ಒಳ್ಳೇದು. ಎಷ್ಟು ಇಳೀಬೇಕಿತ್ತು?"

"ಇಪ್ಪತ್ತು."

"ಇನ್ನು ಎಂಟು ಎಲ್ಲಿ?"

"ಗೊತ್ತಿಲ್ಲ. ಎಲ್ಲಾ ಹುಡುಕಿದೆ."

"ಎಲ್ಲಾನೂ?"

ಶಾಲ್ಮಲಿ ಮತ್ತೆ ಚಪ್ಪಲಿ ನೋಡಿಕೊಂಡಳು.

ಅಮ್ಮ ಕೋಲು ಹಿಡಿದು ಯಂತ್ರದ ಕೋಣೆಗೆ ಹೋದರು. ಅವಳು ಹಿಂದೆ ಹಿಂದೆಯೇ ಹೋದಳು. ಅಮ್ಮನಿಗೆ ಒಂದು ಅಭ್ಯಾಸ. ಪರದೆಯ ಮೇಲಿನ ಅಂಕಿ ನೋಡುವ ಮೊದಲು ಪೆಟ್ಟಿಗೆಯ ಬೆನ್ನಿಗೆ ಅಂಗೈ ಇಟ್ಟು ನೋಡುತ್ತಿದ್ದರು, ಮಕ್ಕಳ ಹಣೆ ಮುಟ್ಟಿ ನೋಡುವ ಹಾಗೆ.

ಒಂದು ಸಾಲು ಮುಗಿಯಿತು. ಇನ್ನೊಂದು ಸಾಲು ಮುಗಿಯಿತು. ಗೋಡೆಯ ಪಕ್ಕದ ಕೊನೆಯ ಸಾಲುಗಳಲ್ಲಿ ಅಮ್ಮನ ಕೈ ನಿಂತಿತು.

"ಇವು ಬಿಸಿ ಇಲ್ಲ. ತಣ್ಣಗೂ ಇಲ್ಲ."

ಶಾಲ್ಮಲಿ ಎರಡು ಹೆಜ್ಜೆ ಹಿಂದೆಯೇ ನಿಂತಳು.

"ಏನು ಲೆಕ್ಕ ಹಾಕ್ತಿವೆ?"

"ಏನೂ ಇಲ್ಲ."

"ಎಷ್ಟಿವೆ?"

"ಇನ್ನೂರ ನಲವತ್ತು."

"ಯಾರ ಹೆಸರಲ್ಲಿವೆ?"

"ಕಡಲಿನ ಲೆಕ್ಕಕ್ಕೆ ಅಂತ ಇಟ್ಟಿದ್ದೀನಿ. ಕೇದಾರ ಅಂಕಿ ಕಳಿಸಿದ ತಕ್ಷಣ ಶುರು ಆಗಲಿ ಅಂತ."

"ಯಾವತ್ತಿನಿಂದ?"

"ಮೂರು ತಿಂಗಳಿಂದ."

ಬೇರೆ ಶಿಷ್ಯರು ಪೆಟ್ಟಿಗೆ ಸಾಲದೆ ಸರದಿಯಲ್ಲಿ ನಿಂತಿದ್ದರು. ಅದು ಇಬ್ಬರಿಗೂ ಗೊತ್ತಿತ್ತು. ಅಮ್ಮ ಬೈಯುತ್ತಾರೆ ಎಂದು ಅವಳು ಕಾದಳು. ಬೈದಿದ್ದರೆ ಸುಲಭವಾಗುತ್ತಿತ್ತು.

ಅಮ್ಮ ನೆಲದ ಮೇಲೆ ಕೂತರು. ಮಂಡಿ ಮಡಚುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಪಕ್ಕದ ಜಾಗ ತಟ್ಟಿ ತೋರಿಸಿದರು. ಅವಳೂ ಕೂತಳು.

"ಹುಷಾರಾಗಿದ್ದಾನಾ?"

"ಹುಷಾರಾಗಿದ್ದಾನಂತೆ. ಬೇರೆಯವರಿಗೆ ಬರೆದಿದ್ದಾನೆ."

"ನಿನಗೆ?"

ಅವಳು ಇಲ್ಲವೆಂದು ತಲೆಯಾಡಿಸಿದಳು.

ಪೆಟ್ಟಿಗೆಗಳ ಫ್ಯಾನುಗಳು ಒಂದೇ ಸಮ ತಿರುಗುತ್ತಿದ್ದವು. ಅವುಗಳ ಮೇಲಿನ ಸಣ್ಣ ಹಸಿರು ದೀಪಗಳು ರೆಪ್ಪೆ ಬಡಿಯುತ್ತಿದ್ದವು, ಇನ್ನೂರ ನಲವತ್ತೂ.

"ಮಲಗಿಸಿದರೆ ಮತ್ತೆ ಎಬ್ಬಿಸೋಕೆ ಎಷ್ಟು ಹೊತ್ತು ಬೇಕು?" ಅಮ್ಮ ಕೇಳಿದರು.

"ನಾಲ್ಕು ನಿಮಿಷ."

"ಮೂರು ತಿಂಗಳು ಸುಮ್ಮನಿದ್ದವನು ನಾಲ್ಕು ನಿಮಿಷ ತಡೀತಾನೆ."

"ಅದು ನನಗೂ ಗೊತ್ತು ಅಮ್ಮ."

"ಮತ್ತೆ?"

ಶಾಲ್ಮಲಿ ಹೇಳಿದಳು, ಒಂದೊಂದೇ ಮಾತು.

"ದಿನಾ ಬೆಳಿಗ್ಗೆ ಇಲ್ಲಿಗೆ ಬರ್ತೀನಿ. ಈ ದೀಪಗಳು ಉರೀತಿರ್ತವೆ. ಅವನು ಬಂದೇ ಬರ್ತಾನೆ ಅನ್ನೋ ಹಾಗೆ. ನನಗೆ ನಂಬಿಕೆ ಕಡಿಮೆ ಆದ ದಿನಾನೂ ಇವಕ್ಕೆ ಇರ್ತಿತ್ತು. ಇವನ್ನ ಮಲಗಿಸಿದರೆ, ನಾನು ಬಿಟ್ಟುಬಿಟ್ಟೆ ಅಂತ ಆಗಲ್ವಾ?"

ಅಮ್ಮ ಅವಳ ಕೈ ಹಿಡಿದು, ಹತ್ತಿರದ ಪೆಟ್ಟಿಗೆಯ ಬೆನ್ನ ಮೇಲೆ ಇಟ್ಟರು.

ಬೆಚ್ಚಗಿತ್ತು. ಒಳಗೆ ಯಾರೋ ಇದ್ದಾರೆ ಎನ್ನುವ ಹಾಗೆ.

"ಕೇದಾರ ಗೊತ್ತಾ ಇದಕ್ಕೆ?" ಅಮ್ಮ ಕೇಳಿದರು.

"ಇಲ್ಲ."

"ಅವನು ನಿನಗೆ ಬರೀತಿದ್ದ ಸಾಲನ್ನ ಇದು ಓದಿದೆಯಾ ಯಾವತ್ತಾದರೂ?"

"ಇಲ್ಲ ಅಮ್ಮ. ಸಾಲು ನಾನು ಇಟ್ಟುಕೊಳ್ತಿದ್ದೆ. ಇವಕ್ಕೆ ಬರೀ ಅಂಕಿ."

ಹೇಳಿದ ಮೇಲೆ ಅವಳು ಕೈ ತೆಗೆದಳು.

ಎದ್ದು ಹೋಗಿ ಪರದೆಯ ಮುಂದೆ ನಿಂತಳು. ಪೆಟ್ಟಿಗೆಗಳ ಒಂದೊಂದೇ ಸಾಲನ್ನು ಮಲಗಿಸಿದಳು. ಎಲ್ಲವನ್ನೂ ಒಂದೇ ಸಲ ಮಲಗಿಸಬಹುದಿತ್ತು. ಅವಳು ಹಾಗೆ ಮಾಡಲಿಲ್ಲ. ಒಂದು ಸಾಲಿನ ಫ್ಯಾನು ನಿಲ್ಲುವ ತನಕ ಕೇಳಿಸಿಕೊಂಡು, ಆಮೇಲೆ ಇನ್ನೊಂದು. ಹಸಿರು ದೀಪಗಳು ಗೋಡೆಯ ಕಡೆಯಿಂದ ಆರುತ್ತಾ ಬಂದವು. ಕೋಣೆಯ ಆ ಮೂಲೆಯಲ್ಲಿ ಇಷ್ಟು ದಿನ ಇದ್ದ ಸದ್ದು ಎಷ್ಟು ದೊಡ್ಡದಾಗಿತ್ತು ಎಂದು ಆಗ ಗೊತ್ತಾಯಿತು.

"ಎಷ್ಟಾಯ್ತು?" ಅಮ್ಮ ಕೂತಲ್ಲಿಂದಲೇ ಕೇಳಿದರು.

ಅವಳು ಪರದೆ ನೋಡಿದಳು.

"ಇಪ್ಪತ್ತು."

"ಹಾಗಾದರೆ ಯಂತ್ರ ನಿಲ್ಲಿಸಲ್ಲ."

ಅವಳಿಗೆ ಸಂತೋಷವಾಗಬೇಕಿತ್ತು. ಬಂದು ಅಮ್ಮನ ಪಕ್ಕ ಮತ್ತೆ ಕೂತಳು. ಕತ್ತಲಾದ ಸಾಲುಗಳ ಕಡೆ ನೋಡಿದಳು.

"ಈಗ ಕಾಯ್ತಿರೋದು ನಾನೊಬ್ಬಳೇ ಅಮ್ಮ."

ಅಮ್ಮ ಅವಳ ತಲೆಯ ಮೇಲೆ ಅಂಗೈ ಇಟ್ಟರು. ಸ್ವಲ್ಪ ಹೊತ್ತು ತೆಗೆಯಲಿಲ್ಲ.

"ಒಬ್ಬಳು ಸಾಕು, ಮಗಳೇ."