ಎಲೆಯ ಬಣ್ಣ ಕೇಳಿದ ನರಿ

ಒಂದು ಕಾಡಿನಲ್ಲಿ ಗೌರಜ್ಜಿ ಎಂಬ ಮುದಿ ಆನೆ ಇದ್ದಳು. ಕಾಡಿನವರಿಗೆ ಏನು ತಿಳಿಯಬೇಕಾದರೂ ಅವಳು ನಿಲ್ಲುವ ಆಲದ ಮರದಡಿಗೆ ಬರುತ್ತಿದ್ದರು. ಯಾವ ಹೊಂಡದಲ್ಲಿ ನೀರಿದೆ, ಯಾವ ಮರ ಹಣ್ಣು ಬಿಟ್ಟಿದೆ ಎಂದು ಕೇಳಿದರೆ ಸಾಕು, ಅಜ್ಜಿ ತನ್ನ ಗಿಳಿಗಳನ್ನು ಕಳಿಸುತ್ತಿದ್ದಳು. ಅವು ಹಾರಿಹೋಗಿ ನೋಡಿ ಬಂದು ಹೇಳುತ್ತಿದ್ದವು. ಅಜ್ಜಿಗೆ ಒಂದೇ ಒಂದು ಹಟ. ಪೂರ್ತಿ ಉತ್ತರ ಸಿಗುವ ತನಕ ಗಿಳಿಗಳು ಹಿಂದಿರುಗುವಂತಿರಲಿಲ್ಲ. "ಅರ್ಧ ಉತ್ತರ ಕೊಟ್ಟರೆ ನನ್ನ ಮರ್ಯಾದೆ ಏನಾಗಬೇಕು?" ಎನ್ನುತ್ತಿದ್ದಳು.

ಈ ಏರ್ಪಾಡು ಎಲ್ಲರಿಗೂ ಹಿಡಿಸಿತ್ತು, ಕೆಂಚಪ್ಪ ಎಂಬ ನರಿಯೊಬ್ಬನನ್ನು ಬಿಟ್ಟು. ಬೆಳ್ಳವ್ವ ಎಂಬ ಮೊಲ ಬೆಳಗಾದರೆ ಬಂದು, "ಅಜ್ಜಿ, ಇವತ್ತು ನರಿ ಯಾವ ಕಡೆ ಇದ್ದಾನೆ?" ಎಂದು ಕೇಳುತ್ತಿದ್ದಳು. ಆಮೇಲೆ ಮರಿಗಳನ್ನು ಇನ್ನೊಂದು ಕಡೆ ಮೇಯಲು ಬಿಡುತ್ತಿದ್ದಳು. ಪಾಪ, ಕೆಂಚಪ್ಪನ ಹೊಟ್ಟೆ ಬೆನ್ನಿಗೆ ಹತ್ತಿತ್ತು.

ಯೋಚಿಸಿ ಯೋಚಿಸಿ ಅವನಿಗೊಂದು ಉಪಾಯ ಹೊಳೆಯಿತು. ಮರುದಿನ ಎಲ್ಲರಿಗಿಂತ ಮೊದಲೇ ಬಂದು ಕೈಮುಗಿದ.

"ಗೌರಜ್ಜಿ, ಈ ಕಾಡಿನ ಪ್ರತಿಯೊಂದು ಮರದ ಪ್ರತಿಯೊಂದು ಎಲೆಯ ಬಣ್ಣ ಯಾವುದು?"

"ಅದೆಲ್ಲ ನಿನಗ್ಯಾಕೋ?"

"ಜ್ಞಾನಕ್ಕೆ ಅಜ್ಜಿ, ಬರೀ ಜ್ಞಾನಕ್ಕೆ. ನಿಮ್ಮ ಕೈಲಿ ಆಗಲ್ಲ ಅಂದ್ರೆ ಬಿಡಿ."

ಆ ಮಾತು ಅಜ್ಜಿಗೆ ನಾಟಿತು. ಒಂದು ಗಿಳಿಯನ್ನೂ ಉಳಿಸದೆ ಎಲ್ಲವನ್ನೂ ಕಳಿಸಿಬಿಟ್ಟಳು. ಬೆಳ್ಳವ್ವ ಬಂದಾಗ ನರಿಯ ಸುದ್ದಿ ತರಲು ಯಾರೂ ಇರಲಿಲ್ಲ. ಮರಿಗಳು ಹಸಿದಿದ್ದವು. ಹೆದರಿ ಹೆದರಿಯೇ ಅವನ್ನು ಮೇಯಲು ಬಿಟ್ಟಳು. ಕೆಂಚಪ್ಪ ಪೊದೆಯಿಂದ ನೆಗೆದ. ಒಂದು ಮರಿ ಹೇಗೋ ನುಣುಚಿಕೊಂಡಿತು, ಆದರೆ ಅದರ ಕಿವಿಯ ಚೂರು ಅವನ ಬಾಯಲ್ಲೇ ಉಳಿಯಿತು. "ಇವತ್ತು ಕಿವಿ, ನಾಳೆ ಊಟ," ಎಂದು ಅವನು ತುಟಿ ಸವರಿಕೊಂಡ.

ಅಷ್ಟರಲ್ಲಿ ನಾಯಿಗಳು ಬೊಗಳಿದವು. ಬೇಟೆಗಾರರು! ಕೆಂಚಪ್ಪ ಎದ್ದೆನೋ ಬಿದ್ದೆನೋ ಎಂದು ಆಲದ ಮರಕ್ಕೆ ಓಡಿದ.

"ಅಜ್ಜಿ, ಬಲೆ ಯಾವ ದಾರಿಯಲ್ಲಿ ಹಾಕಿದ್ದಾರೆ? ಬೇಗ ಹೇಳಿ, ಜೀವ ಹೋಗ್ತದೆ!"

"ಗಿಳಿಗಳೆಲ್ಲ ಎಲೆ ನೋಡೋಕೆ ಹೋಗಿವೆಯಲ್ಲಪ್ಪ."

"ಯಾವನಿಗೆ ಬೇಕು ಆ ಎಲೆ!"

"ನಿನಗೇ. ಜ್ಞಾನಕ್ಕೆ ಅಂದಿದ್ದೆ."

ಕೆಂಚಪ್ಪ ಕಣ್ಣುಮುಚ್ಚಿಕೊಂಡು ಒಂದು ದಾರಿ ಹಿಡಿದ. ಬಲೆ ಅಲ್ಲೇ ಇತ್ತು. ಅದನ್ನು ಕಚ್ಚಿ ಹರಿದು ಹೊರಬರುವಷ್ಟರಲ್ಲಿ ಅವನ ಬಾಲ ನಾಯಿಯ ಬಾಯಿ ಸೇರಿತ್ತು.

ಸಂಜೆ ಮೊಲದ ಮರಿಯ ಕಿವಿ ಕಂಡು ಗೌರಜ್ಜಿಗೆ ಅಳು ಬಂತು. ತನ್ನ ಹಟವೇ ಇದಕ್ಕೆ ಕಾರಣವೆಂದು ಅವಳಿಗೆ ನಾಚಿಕೆಯಾಯಿತು. ಅಲ್ಲೇ ಹೊಸ ಕಟ್ಟಳೆ ಮಾಡಿದಳು. ಇನ್ನು ಮುಂದೆ ಒಬ್ಬರ ಪ್ರಶ್ನೆಗೆ ಒಂದೇ ಗಿಳಿ. ಮರದ ನೆರಳು ಒಂದು ಬೇರಿನಿಂದ ಪಕ್ಕದ ಬೇರಿಗೆ ಸರಿಯುವುದರೊಳಗೆ ಅದು ವಾಪಸು ಬರಬೇಕು, ಉತ್ತರ ಅರ್ಧವಾದರೂ ಸರಿಯೇ. ಮಿಕ್ಕಿದ್ದು ಬೇಕಾದವರು ಮತ್ತೆ ಸಾಲಿನ ಕೊನೆಯಲ್ಲಿ ನಿಲ್ಲಬೇಕು.

"ನಾನು ಇದನ್ನೇ ಎಂದೋ ಹೇಳಬೇಕೆಂದಿದ್ದೆ," ಎಂದ ಕೆಂಚಪ್ಪ, ಮೋಟು ಬಾಲ ಕಾಣದಂತೆ ಮರಕ್ಕೆ ಒರಗಿಕೊಂಡು. ಯಾರೂ ಅವನ ಕಡೆ ತಿರುಗಲಿಲ್ಲ.

ಹೊಸ ಕಟ್ಟಳೆಯಂತೆ ಅಜ್ಜಿ ಘೀಳಿಟ್ಟು ಕರೆದಾಗ ಗಿಳಿಗಳು ಒಂದೊಂದಾಗಿ ಸುಸ್ತಾಗಿ ಬಂದಿಳಿದವು. ಒಂದು ಗಿಳಿ ನರಿಯ ಮುಂದೆ ಕೂತು ಏದುಸಿರು ಬಿಡುತ್ತಾ ಹೇಳಿತು: "ಸ್ವಾಮಿ, ಎಲೆಗಳು ಬಹುಪಾಲು ಹಸಿರು."

ಎಲ್ಲರಿಗಿಂತ ಮೊದಲು ನಕ್ಕಿದ್ದು ಕಿವಿ ಹರಿದ ಆ ಮರಿ.

ನೀತಿ: ಎಲ್ಲರಿಗೂ ಸೇರಿದ್ದನ್ನು ಒಬ್ಬನೇ ಹಿಡಿದಿಟ್ಟುಕೊಂಡರೆ, ಕಷ್ಟಕಾಲದಲ್ಲಿ ಅದು ಅವನಿಗೂ ಸಿಗುವುದಿಲ್ಲ. ಮಿತಿಯಿದ್ದರೇ ಎಲ್ಲರಿಗೂ ಒದಗುತ್ತದೆ.