ಬಾಗಿಲ ಮುಂದೆ ಬಳೆಗಾರ

ಹೊಳೆಯ ದಂಡೆಯಲ್ಲಿ ಅಡವಯ್ಯಜ್ಜನ ಆಶ್ರಮವಿತ್ತು. ಅಲ್ಲಿ ಕಲಿಸುತ್ತಿದ್ದದ್ದು ಮಂತ್ರವೂ ಅಲ್ಲ, ಮದ್ದೂ ಅಲ್ಲ. ಕಥೆಯಾಟ.

ಒಂದು ಹಲಗೆಯ ಸುತ್ತ ನಾಲ್ಕೈದು ಜನ ಕೂರುತ್ತಾರೆ. ಒಬ್ಬರು ಕಥೆ ನಡೆಸುತ್ತಾರೆ. ಉಳಿದವರು ಒಂದೊಂದು ಪಾತ್ರವಾಗಿ ಆ ಕಥೆಯೊಳಗೆ ಇಳಿಯುತ್ತಾರೆ. ತನ್ನ ಪಾತ್ರ ಏನು ಮಾಡುತ್ತದೆಂದು ಬಾಯಲ್ಲಿ ಹೇಳಬೇಕು. ಅದು ಆಯಿತೋ ಇಲ್ಲವೋ ಎಂದು ದಾಳ ಹೇಳುತ್ತದೆ. ಬಣ್ಣವಿಲ್ಲ, ಗೆಜ್ಜೆಯಿಲ್ಲ, ನೋಡುವ ಮಂದಿಯೂ ಇಲ್ಲ. ಇದೆಂಥ ಆಟ ಎಂದು ಮೂಗು ಮುರಿಯುವವರು ಒಮ್ಮೆ ಕೂತು ನೋಡಬೇಕು.

ಮೂರು ವರ್ಷಕ್ಕೊಮ್ಮೆ, ಎರಡು ಹೊಳೆ ಕೂಡುವ ಊರಿನಲ್ಲಿ ಈ ಆಟದ ಕೂಟ ನಡೆಯುತ್ತಿತ್ತು. ಎಲ್ಲೆಲ್ಲಿಂದಲೋ ಜನ ಬರುತ್ತಿದ್ದರು. ಪಾತ್ರವನ್ನು ಮನೆಯಿಂದಲೇ ಕಟ್ಟಿಕೊಂಡು ಬರಬೇಕು. ಯಾರ ಜೊತೆ ಯಾವ ಹಲಗೆ ಎಂಬುದು ಚೀಟಿ ಎತ್ತಿದ ಮೇಲೆಯೇ ಗೊತ್ತಾಗುವುದು. ಮೊದಲ ಸಲ ಹೋಗುವವರಿಗೆ ಗುರುವಿನ ಅಪ್ಪಣೆ ಬೇಕು.

ರುದ್ರಾಣಿ ಚಿಕ್ಕವಳಿದ್ದಾಗ ಸೋದರಮಾವನ ಜೊತೆ ಆ ಕೂಟದ ಹೊರಗೆ ಮಜ್ಜಿಗೆ ಮಾರಲು ಹೋಗಿದ್ದಳು. ಬೆಳಿಗ್ಗೆ ಒಬ್ಬರ ಹೆಸರು ಒಬ್ಬರಿಗೆ ಗೊತ್ತಿಲ್ಲದೆ ಒಳಗೆ ಹೋದವರು, ಸಂಜೆ ಹೊರಗೆ ಬರುವಾಗ ಒಬ್ಬರಿಗಾಗಿ ಒಬ್ಬರು ಕಣ್ಣೊರೆಸಿಕೊಳ್ಳುತ್ತಿದ್ದರು. ಒಳಗೆ ಏನಾಯಿತು? ಈ ಪ್ರಶ್ನೆ ಅವಳನ್ನು ಬಿಡಲೇ ಇಲ್ಲ. ದೊಡ್ಡವಳಾದ ಮೇಲೆ ಅದನ್ನೇ ಹೊತ್ತುಕೊಂಡು ಆಶ್ರಮಕ್ಕೆ ಬಂದಳು.

ಕೂಟ ಹತ್ತಿರ ಬಂತು. ಈ ಸಲ ತಪ್ಪಿದರೆ ಇನ್ನು ಮೂರು ವರ್ಷ. ಅವಳು ಅಜ್ಜನ ಮುಂದೆ ಕೈ ಮುಗಿದು ನಿಂತಳು.

"ಅಜ್ಜಾರ, ನಾನೂ ಹೋಗ್ತೀನ್ರಿ. ಏನ್ ತಯಾರಿ ಮಾಡ್ಕೋಬೇಕ್ರಿ?"

"ಒಬ್ಬಾಕಿನ್ನ ಕಟ್ಟಿಕೊಂಡು ಬಾ. ನೋಡೂಣು," ಎಂದರು ಅಜ್ಜ.

ರುದ್ರಾಣಿ ಊಟ ನಿದ್ದೆ ಮರೆತು ಕಟ್ಟಿದಳು. ಪಾತ್ರದ ಹೆಸರು ಸಿಡಿಲವ್ವ. ಆಟದ ನಿಯಮದೊಳಗೆ ಎಷ್ಟು ಹಿಡಿಸುತ್ತದೋ ಅಷ್ಟನ್ನೂ ಅವಳೊಳಗೆ ತುರುಕಿದಳು. ಸಿಡಿಲವ್ವ ಕತ್ತಿ ಬೀಸಬಲ್ಲಳು, ಮಹಾಪೂರದಲ್ಲಿ ಈಜಬಲ್ಲಳು, ಬೀಗ ತೆಗೆಯಬಲ್ಲಳು, ಬೇರು ಅರೆದು ವಿಷ ಇಳಿಸಬಲ್ಲಳು. ಅವಳ ಅಜ್ಜಿಯ ಅಜ್ಜಿಯ ಕಥೆಯೂ ಇತ್ತು. ರುದ್ರಾಣಿ ಅದನ್ನೆಲ್ಲ ಹೇಳಿ ಮುಗಿಸುವ ಹೊತ್ತಿಗೆ ಅಜ್ಜನ ಗಂಜಿ ಆರಿ ಕೆನೆಗಟ್ಟಿತ್ತು.

"ಈಕಿಗೆ ಬರಲಾರದ್ದು ಏನೈತಿ?" ಎಂದು ಅಜ್ಜ ಕೇಳಿದರು.

"ಏನೂ ಇಲ್ರಿ," ಎಂದಳು ಹೆಮ್ಮೆಯಿಂದ.

"ಹಂಗಾದ್ರ ಈಕಿ ಕೂಟಕ್ಕ ಯಾಕ ಹೋಗಬೇಕು?"

ರುದ್ರಾಣಿಯ ಮುಖ ಸಪ್ಪಗಾಯಿತು. ಅಡುಗೆಯ ಗಂಗವ್ವ ಒಲೆಯ ಮುಂದಿನಿಂದಲೇ, ಕೂಸು ಹುಟ್ಟುವ ಮುಂಚೆ ಇಷ್ಟು ಕುಲಾವಿ ಹೊಲಿದವರನ್ನು ತಾನು ಕಂಡಿಲ್ಲ ಎಂದು ಚುಡಾಯಿಸಿದಳು.

ಆದರೆ ರುದ್ರಾಣಿ ಸೋಲುವವಳಲ್ಲ. ನಾಲ್ಕು ದಿನ ತಲೆ ಕೆಡಿಸಿಕೊಂಡು ಸಿಡಿಲವ್ವನಿಗೆ ಒಂದು ಕೊರತೆ ಹುಡುಕಿದಳು. ರಾತ್ರಿ ಅವಳಿಗೆ ಕಣ್ಣು ಕಾಣುವುದಿಲ್ಲ.

"ಚಲೋ ಆತು," ಎಂದರು ಅಜ್ಜ. "ಕತ್ತಲಾದ ಮ್ಯಾಲೆ ಅಕಿನ್ನ ಕೈ ಹಿಡದು ನಡಸೋರು ಯಾರು?"

"ಅಕಿ ಹತ್ರ ಮಂತ್ರದ ದೀಪ ಐತ್ರಿ."

ಅಜ್ಜ ನಕ್ಕರು. ಕೆಮ್ಮು ಬರುವತನಕ ನಕ್ಕರು. ರುದ್ರಾಣಿಗೆ ಯಾಕೆಂದು ಹೊಳೆಯಲಿಲ್ಲ, ಸಿಟ್ಟು ಮಾತ್ರ ಬಂತು. ದೀಪ ಇಟ್ಟುಕೊಳ್ಳಬಾರದೆಂದು ನಿಯಮದಲ್ಲಿ ಎಲ್ಲಿದೆ? ಅವಳು ನಿಯಮಗಳನ್ನು ಮೊದಲಿನಿಂದ ಕೊನೆಯವರೆಗೆ ಬಾಯಿಪಾಠ ಮಾಡಿ ಒಪ್ಪಿಸಿದಳು. ಒಂದಕ್ಷರ ತಪ್ಪಲಿಲ್ಲ.

ಅಜ್ಜ ತಲೆದೂಗಿದರು. ಹೋಗು ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಹೊರಡುವ ಮುನ್ನಾದಿನ ಸಂಜೆ ಮಾತ್ರ ಹಲಗೆ ಹಾಕಿದರು. ಒಂದು ಕಡೆ ಗಂಗವ್ವ, ಇನ್ನೊಂದು ಕಡೆ ಹರಿಗೋಲು ನಡೆಸುವ ಯಮನಪ್ಪ. ಕೂಟಕ್ಕೆ ಹೋಗುವವರನ್ನು ಮರುದಿನ ಕರೆದೊಯ್ಯುವವನು ಅವನೇ. ಮಾತಿನಲ್ಲಿ ಯಮನಪ್ಪ ಬಹಳ ನಿಧಾನ. ಒಂದು ಮಾತು ಆಡಿ ಇನ್ನೊಂದು ಆಡುವುದರೊಳಗೆ ಆಚೆ ದಂಡೆ ಬಂದಿರುತ್ತಿತ್ತು.

ಮೂವರೂ ತಮ್ಮ ತಮ್ಮ ಪಾತ್ರ ಯಾರೆಂದು ಹೇಳಿಕೊಂಡರು. ಗಂಗವ್ವನ ಪಾತ್ರ ಒಬ್ಬ ಸೂಲಗಿತ್ತಿ. ಯಮನಪ್ಪ ತನ್ನದನ್ನು ಹೇಳುವಾಗ ರುದ್ರಾಣಿ ಮನಸ್ಸಿನಲ್ಲಿ ಸಿಡಿಲವ್ವನ ಮೊದಲ ಮಾತನ್ನು ತಿದ್ದಿಕೊಳ್ಳುತ್ತಿದ್ದಳು.

ಅಜ್ಜ ಕಥೆ ತೆಗೆದರು.

"ಹೊಳಿ ಏರೇತಿ. ದಂಡಿ ಮ್ಯಾಲೊಂದು ಹಳೇ ಬುರುಜು. ಅದರ ತುದೀ ಕೋಣ್ಯಾಗ ಒಂದು ಸಣ್ಣ ಹುಡುಗಿ ಐತಿ. ಬಾಗಲಾ ಒಳಗಿಂದ ಹಾಕೇತಿ. ನೀವು ಮೂರೂ ಮಂದಿ ಬಾಗಲಾ ಮುಂದ ನಿಂತೀರಿ. ನೀರು ಮೆಟ್ಟಲಾ ಏರಾಕತ್ತೇತಿ."

ಯಮನಪ್ಪ ಗಂಟಲು ಸರಿಮಾಡಿಕೊಂಡ. "ನಾ ಏನ್ ಮಾಡ್ತೀನಿ ಅಂದ್ರ…"

"ಸಿಡಿಲವ್ವ ಬಾಗಲಾ ಒಡೀತಾಳ," ಎಂದು ರುದ್ರಾಣಿ ದಾಳ ಉರುಳಿಸಿಬಿಟ್ಟಳು.

ಒಳ್ಳೆಯ ಗರವೇ ಬಿತ್ತು. ಬಾಗಿಲು ಚೂರಾಯಿತು. ಸಿಡಿಲವ್ವ ಹುಡುಗಿಯನ್ನು ಹೆಗಲಿಗೆ ಹಾಕಿಕೊಂಡು, ಮಹಾಪೂರ ಈಜಿ, ದಡ ಮುಟ್ಟಿ, ನೆನೆದು ಬಂದ ಅವಳ ಜ್ವರಕ್ಕೆ ಬೇರನ್ನೂ ಅರೆದು ಕುಡಿಸಿದಳು. ಎಲೆಗೆ ಸುಣ್ಣ ಹಚ್ಚುವಷ್ಟರಲ್ಲಿ ಕಥೆ ಮುಗಿದಿತ್ತು. ರುದ್ರಾಣಿ ಬೆವರು ಒರೆಸಿಕೊಂಡು, ಈಗಾದರೂ ಒಪ್ಪಿಯಾರು ಎಂದು ಅಜ್ಜನ ಮುಖ ನೋಡಿದಳು.

ಅಜ್ಜ ಗಂಗವ್ವನ ಕಡೆ ತಿರುಗಿ, ಈ ಕಥೆಯಲ್ಲಿ ನಿನಗೇನು ನೆನಪು ಉಳಿಯಿತು ಎಂದು ಕೇಳಿದರು.

"ಖರೇ ಹೇಳ್ಲೇನ್ರಿ? ಬ್ಯಾಳಿ ನೆನಿ ಇಟ್ಟಿಲ್ಲ ಅನ್ನೂದು ನೆನಪಾತ್ರಿ."

ಅಜ್ಜ ಈಗ ಶಿಷ್ಯೆಯ ಕಡೆ ತಿರುಗಿದರು. "ರುದ್ರಾಣಿ, ಯಮನಪ್ಪ ಯಾರಾಗಿದ್ದ?"

ಅವಳು ಬಾಯಿ ತೆರೆದಳು. ಕಳ್ಳನೋ? ಕುರುಬನೋ? ಎಷ್ಟು ತಡಕಿದರೂ ಏನೂ ಸಿಗಲಿಲ್ಲ. ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತಿದ್ದ ಮನುಷ್ಯ ಯಾರೆಂದು ಅವಳಿಗೆ ಗೊತ್ತಿರಲಿಲ್ಲ. ಯಮನಪ್ಪನೇ ನಾಚಿಕೊಂಡವನಂತೆ ಬೇರೆ ಕಡೆ ನೋಡಿದ.

ಅಜ್ಜ ದಾಳಗಳನ್ನು ಆರಿಸಿ ಅವಳ ಕೈಗೆ ಹಾಕಿ ಎದ್ದುಹೋದರು.

ರುದ್ರಾಣಿಗೆ ಅಷ್ಟು ಸಾಕಾಯಿತು. ಅಪ್ಪಣೆ ಸಿಗಲಿಲ್ಲ, ಇನ್ನು ಮೂರು ವರ್ಷ. ಅಳು ಬಂತು, ಅತ್ತಳು. ಆದರೆ ಅಳುವಿನ ನಡುವೆಯೂ ಒಂದು ಸಣ್ಣ ಕುತೂಹಲ ಇರುವೆಯಂತೆ ಕಚ್ಚುತ್ತಲೇ ಇತ್ತು. ನಾ ಏನ್ ಮಾಡ್ತೀನಿ ಅಂದ್ರ ಎಂದು ನಿಲ್ಲಿಸಿದ್ದನಲ್ಲ ಯಮನಪ್ಪ, ಏನು ಮಾಡುವವನಿದ್ದ?

ಬೆಳಗಾಗುತ್ತಲೇ ಹೊಳೆಗೆ ಇಳಿದಳು. ಯಮನಪ್ಪ ಹರಿಗೋಲಿನೊಳಗಿನ ನೀರನ್ನು ತಂಬಿಗೆಯಿಂದ ಹೊರಗೆ ಚೆಲ್ಲುತ್ತಿದ್ದ.

"ಕಾಕಾ, ನೀ ಯಾರಾಗಿದ್ದಿ ನಿನ್ನೆ?"

"ಬಳಿಗಾರ," ಎಂದ ಅವನು.

"ಬಾಗಲಾ ಮುಂದ ಬಳಿಗಾರ ಏನ್ ಮಾಡ್ತಿದ್ದ?"

ಯಮನಪ್ಪ ತಂಬಿಗೆ ಕೆಳಗಿಟ್ಟ. ಅವಳು ಕಾದಳು. ಇದು ಅವಳಿಗೆ ಹೊಸದು.

ಅವನು ಹೇಳಿದ್ದು ಇಷ್ಟು. ಆ ಹುಡುಗಿಗೆ ನೀರು ಬರುತ್ತಿರುವುದು ಗೊತ್ತಿಲ್ಲವೇ? ಗೊತ್ತಿದೆ. ಗೊತ್ತಿದ್ದೂ ಅಗಳಿ ತೆಗೆಯುತ್ತಿಲ್ಲ ಎಂದರೆ ನೀರಿಗಿಂತ ಹೊರಗಿನ ಜನಕ್ಕೇ ಹೆಚ್ಚು ಅಂಜಿದೆ. ಅಂಜಿದ ಕೂಸಿನ ಬಾಗಿಲು ಒಡೆದರೆ ಜೀವ ಉಳಿದೀತು, ಅಂಜಿಕೆ ಹೋದೀತೇ? ಬಳೆಗಾರ ವರ್ಷವರ್ಷವೂ ಆ ಓಣಿಗೆ ಹೋಗುವವನು. ಆ ಪುಟ್ಟ ಕೈಗೆ ಹಬ್ಬಹಬ್ಬಕ್ಕೆ ಬಳೆ ತೊಡಿಸಿದವನು. ಅವನು ಬಾಗಿಲಿಗೆ ಬಾಯಿಟ್ಟು, ಬೀದಿಯಲ್ಲಿ ಕೂಗುವ ಹಾಗೆಯೇ ಒಮ್ಮೆ ಕೂಗುವವನಿದ್ದ.

"ಹೆಂಗ?" ಎಂದಳು ರುದ್ರಾಣಿ.

ಯಮನಪ್ಪ ಹೊಳೆಯ ಕಡೆ ಮುಖ ಮಾಡಿ ಮೆಲ್ಲಗೆ ಕೂಗಿದ. "ಬಳೀ ಬಂದಾವ್ ಯವ್ವಾ, ಬಳೀ…"

ರುದ್ರಾಣಿ ಹತ್ತಿರ ಸರಿದಳು. "ತಗೀತಿದ್ಲಾ ಕಾಕಾ?"

"ನನಗೇನ್ ಗೊತ್ತು? ದಾಳ ಒಗದಿದ್ರ ತಿಳೀತಿತ್ತು."

ಅವಳು ಸೆರಗಿನ ಗಂಟಿನಿಂದ ದಾಳ ತೆಗೆದು ಅವನಿಗೆ ಕೊಟ್ಟಳು. ಅವನು ಮರಳಿನ ಮೇಲೆ ಒಗೆದ. ಕೆಟ್ಟ ಗರ ಬಿತ್ತು. ಬಾಗಿಲು ತೆರೆಯಲಿಲ್ಲ.

ಇಬ್ಬರೂ ದಾಳವನ್ನೇ ನೋಡುತ್ತ ಕೂತರು. ಮೆಟ್ಟಿಲ ಮೇಲೆ ನೀರು ಏರುತ್ತಿರುವುದು ರುದ್ರಾಣಿಗೆ ನಿಜವಾಗಿಯೂ ಕೇಳಿಸಿತು.

"ಮುಂದ ನನಗ ತಿಳೀವಲ್ದು," ಎಂದ ಯಮನಪ್ಪ. "ನಿನ್ನ ಸಿಡಿಲವ್ವನೂ ಅಲ್ಲೇ ನಿಂತಿದ್ಲಲ್ಲ ಯವ್ವಾ. ಅಕಿ ಏನ್ ಮಾಡ್ತಾಳ?"

ಸಿಡಿಲವ್ವನಿಗೆ ಗೊತ್ತಿದ್ದದ್ದು ಯಾವುದೂ ಇಲ್ಲಿ ಉಪಯೋಗಕ್ಕೆ ಬರಲಿಲ್ಲ. ಕತ್ತಿ ಬೇಡ, ಬೇರು ಬೇಡ. ರುದ್ರಾಣಿ ಬಹಳ ಹೊತ್ತು ಯೋಚಿಸಿದಳು. ಆಮೇಲೆ, ಅದು ಎಲ್ಲಿಂದ ಬಂತೆಂದು ಅವಳಿಗೇ ತಿಳಿಯದ ಹಾಗೆ, ಕೈ ಮುಂದೆ ಚಾಚಿದಳು.

"ಅಕಿ ಎಂದೂ ಬಳಿ ತೊಟ್ಟಾಕಿ ಅಲ್ಲ ಕಾಕಾ. ಈಗ ಕೈ ಕೊಡ್ತಾಳ. ನನಗ ತೊಡಸು ಅಂತಾಳ. ಜೋರಾಗಿ ಅಂತಾಳ, ಒಳಗ ಕೇಳೂವಂಗ."

ಯಮನಪ್ಪ ಅವಳ ಕೈ ಹಿಡಿದ. ಅವನ ಹತ್ತಿರ ಒಂದು ಬಳೆಯೂ ಇರಲಿಲ್ಲ. ಆದರೂ ಬೆರಳುಗಳನ್ನು ಕೂಡಿಸಿ, ಮುಂಗೈ ಒತ್ತಿ, ಇಲ್ಲದ ಬಳೆಯನ್ನು ಏರಿಸತೊಡಗಿದ.

"ಕತ್ತಿ ಹಿಡದ ಕೈ ಇದು," ಎಂದ. "ಸಡ್ಲ ಬಿಡು ಯವ್ವಾ. ಕೈ ಸಡ್ಲ ಬಿಡು."

ಅವಳು ಕೈ ಸಡಿಲ ಬಿಟ್ಟಳು. ಕಣ್ಣಲ್ಲಿ ನೀರು ತುಂಬಿತು. ಇನ್ನೊಂದು ಕೈಯಿಂದ ದಾಳ ಎತ್ತಿ ಒಗೆದಳು. ಎಷ್ಟು ಬಿತ್ತೆಂದು ನೋಡಲು ಬಗ್ಗಿದಳು, ನೀರು ತುಂಬಿದ ಕಣ್ಣಿಗೆ ಕಾಣಲಿಲ್ಲ.

"ಒಳಗ ಅಗಳಿ ಸರದ ಸಪ್ಪಳಾತು," ಎಂದಿತು ಹಿಂದಿನಿಂದ ಒಂದು ದನಿ.

ಅಡವಯ್ಯಜ್ಜ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಕೈಯಲ್ಲಿ ರುದ್ರಾಣಿಯ ಬಟ್ಟೆಯ ಗಂಟಿತ್ತು. ಮೇಲೆ ಗಂಗವ್ವ ಕಟ್ಟಿಕೊಟ್ಟ ರೊಟ್ಟಿ. ಅವರು ಅದನ್ನು ಒಯ್ದು ಹರಿಗೋಲಿನೊಳಗೆ ಇಟ್ಟರು.

ರುದ್ರಾಣಿ ಗಂಟನ್ನು ನೋಡಿದಳು, ಅಜ್ಜನನ್ನು ನೋಡಿದಳು. ಸಂತೋಷಕ್ಕಿಂತ ಮೊದಲು ಅಂಜಿಕೆ ಬಂತು. ಇಷ್ಟು ದಿನ ಕಟ್ಟಿದ್ದ ಸಿಡಿಲವ್ವ ಈಗ ಅವಳಿಗೇ ಗುರುತು ಸಿಗದಂತಾಗಿದ್ದಳು. ಮೊದಲ ಮಾತು ಏನೆಂದು ತಿದ್ದಿಟ್ಟಿದ್ದಳೋ ಅದೂ ಮರೆತುಹೋಗಿತ್ತು.

"ಅಜ್ಜಾರ, ನಾ ತಯಾರಿಲ್ರಿ," ಎಂದಳು. "ಅಲ್ಲೆ ನನ್ನ ಹಲಗಿಗೆ ಯಾರ್ ಬರ್ತಾರ, ಏನ್ ಅಂತಾರ, ಅವರು ಅಂದ ಮ್ಯಾಲೆ ನಾ ಏನ್ ಮಾಡ್ತೀನಿ, ನನಗ ಏನೂ ಗೊತ್ತಿಲ್ರಿ."

ಯಮನಪ್ಪ ಹುಟ್ಟು ಎತ್ತಿಕೊಂಡ. ಅಜ್ಜ ಅವಳ ತೋಳು ಹಿಡಿದು ಹರಿಗೋಲಿಗೆ ಹತ್ತಿಸಿದರು.

"ಗೊತ್ತಾದ ಮ್ಯಾಲೆ ಬಂದು ನನಗೂ ಹೇಳು. ನಾನೂ ಪ್ರತೀ ಸಲ ಅದನ್ನ ತಿಳಕೊಳ್ಳಾಕ ಕೂಟಕ್ಕ ಹೋಗ್ತಿದ್ದೆ."